ಸಬಾರ್ ಡೋಲು, ಫಂಕ್ ಬಾಸ್: ವೊಲೋಫ್ ಸಂಗೀತಕ್ಕೆ ಸೋಲ್, ಫಂಕ್ ಬೆರೆತ ಬಗೆ – ಪದೇ ಪದೇ ಕೇಳುವ ಪ್ರಶ್ನೆಗಳು

ಗೆಳೆಯರಿಗೆ, ಮನೆಯವರಿಗೆ ಸೆನೆಗಲ್‌ನ ಹಾಡು ಕೇಳಿಸಿದಾಗಲೆಲ್ಲ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ಇದ್ಯಾವ ಭಾಷೆ? ತಾಳ ಎಲ್ಲಿ ಹಿಡಿಯೋದು? ಇವರಿಗೆ ಫಂಕ್ ಹೇಗೆ ಗೊತ್ತು? ಪ್ರತಿ ಸಲ ಅರ್ಧಂಬರ್ಧ ಹೇಳಿ ಮುಗಿಸಿಬಿಡುತ್ತಿದ್ದೆ. ಈಗ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ನನಗೆ ತುಂಬ ಹತ್ತಿರವಾದ ಸಂಗೀತ ಇದು. ಹಾಗಾಗಿ ಕೆಲವು ಉತ್ತರ ಉದ್ದವಾಗಿವೆ.

ಒಂದೇ ಮಾತಲ್ಲಿ ಹೇಳಿ, ಇದು ಯಾವ ಸಂಗೀತ?

ಪಶ್ಚಿಮ ಆಫ್ರಿಕಾದ ಸೆನೆಗಲ್ ಮತ್ತು ಗ್ಯಾಂಬಿಯಾ ದೇಶಗಳಲ್ಲಿ, ವೊಲೋಫ್ ಜನರ ಡೋಲಿನ ಲಯಗಳಿಗೆ ಎಲೆಕ್ಟ್ರಿಕ್ ಗಿಟಾರ್, ಬಾಸ್ (ತಗ್ಗಿನ ದನಿಯ ಗಿಟಾರ್), ಕೀಬೋರ್ಡ್, ಸ್ಯಾಕ್ಸೊಫೋನ್, ಟ್ರಂಪೆಟ್ ಸೇರಿಸಿ ಬೆಳೆಸಿದ ಕುಣಿತದ ಸಂಗೀತ. ಹೆಸರು ಮ್ಬಲಾಖ್. 1970ರ ದಶಕದಲ್ಲಿ ಇದಕ್ಕೊಂದು ರೂಪ ಬಂತು. ಕ್ಯೂಬಾದ ಹಾಡು, ಜಾಸ್, ಅಮೆರಿಕದ ಕಪ್ಪು ಜನರ ಸೋಲ್ (ಚರ್ಚಿನ ಹಾಡಿನಿಂದ ಬೆಳೆದ, ಮನಸ್ಸು ಬಿಚ್ಚಿ ಹಾಡುವ ಬಗೆ) ಮತ್ತು ಫಂಕ್ (ಬಾಸ್, ಡ್ರಮ್ಮಿನ ಲಯವೇ ಮುಖ್ಯವಾದ ಕುಣಿತದ ಸಂಗೀತ) ಎಲ್ಲವೂ ಇದರೊಳಗೆ ಕರಗಿವೆ. ಸೋಲ್, ಫಂಕ್ ಪಾಲು ಜಾಸ್ತಿ ಇರುವ ಕಡೆಗೇ ಇಲ್ಲಿ ನನ್ನ ಗಮನ.

ಉಚ್ಚಾರದ ಬಗ್ಗೆ ಒಂದು ಮಾತು. ರೋಮನ್ ಲಿಪಿಯಲ್ಲಿ ಈ ಪದದ ಕೊನೆಗೆ ಎಕ್ಸ್ ಅಕ್ಷರ ಇರುತ್ತದೆ. ಅದನ್ನು ನೋಡಿ "ಬಲಾಕ್ಸ್" ಅಂತ ಓದುವವರೇ ಹೆಚ್ಚು. ವೊಲೋಫ್ ಬರಹದಲ್ಲಿ ಎಕ್ಸ್ ಅಂದರೆ ಗಂಟಲಿನಿಂದ ಬರುವ "ಖ್".

ವೊಲೋಫ್ ಅಂದ್ರೆ ಭಾಷೆಯಾ, ಜನಾಂಗವಾ?

ಎರಡೂ ಹೌದು. ಸೆನೆಗಲ್‌ನ ದೊಡ್ಡ ಜನಾಂಗ ವೊಲೋಫ್. ಸರ್ಕಾರದ ಕಾಗದಪತ್ರ ಫ್ರೆಂಚ್‌ನಲ್ಲಿ ನಡೆಯುತ್ತದೆ, ಆದರೆ ಸಂತೆ, ಬಸ್ಸು, ಕ್ರೀಡಾಂಗಣ ಎಲ್ಲ ಕಡೆ ವೊಲೋಫ್ ಮಾತು ಕೇಳುತ್ತದೆ. ಬೇರೆ ಜನಾಂಗದವರೂ ಆಡುತ್ತಾರೆ. ಪಕ್ಕದ ಗ್ಯಾಂಬಿಯಾದ ರಾಜಧಾನಿ ಬಾಂಜುಲ್‌ನಲ್ಲೂ, ಮಾರಿಟಾನಿಯಾದ ಕೆಲವು ಭಾಗದಲ್ಲೂ ಈ ಭಾಷೆ ಇದೆ.

ಇದು ಸಂಗೀತಕ್ಕೆ ಮುಖ್ಯ ವಿಷಯ. ಒಂದು ಕಾಲದಲ್ಲಿ ಸೆನೆಗಲ್‌ನ ರಾಜಧಾನಿ ಡಕಾರ್‌ನ ತಂಡಗಳು ಅರ್ಥ ಗೊತ್ತಿಲ್ಲದ ಸ್ಪ್ಯಾನಿಷ್ ಹಾಡುಗಳನ್ನು ಉರು ಹೊಡೆದು ಹಾಡುತ್ತಿದ್ದವು. ವೊಲೋಫ್‌ನಲ್ಲಿ ಹಾಡಲು ಶುರು ಮಾಡಿದ ದಿನದಿಂದ ಕೇಳುವವರೇ ಬದಲಾದರು. ನೈಟ್‌ಕ್ಲಬ್‌ಗೆ ಬರುವ ಮಂದಿಯಷ್ಟೇ ಅಲ್ಲದೆ ಬೀದಿಯವರೂ ಕೇಳತೊಡಗಿದರು.

ಇವರ ವಾದ್ಯ ಅಂದ್ರೆ ಜೆಂಬೆ ತಾನೇ?

ಇಲ್ಲ. ಇದು ಎಲ್ಲರೂ ಮಾಡುವ ತಪ್ಪು. ಜೆಂಬೆ ಮಾಂಡೆ ಜನರ ಕಡೆಯದು, ಅಂದರೆ ಗಿನಿ, ಮಾಲಿ ಭಾಗದ್ದು. ವೊಲೋಫ್ ಜನರ ಡೋಲು ಸಬಾರ್.

ಸಬಾರ್ ಒಂದೇ ಡೋಲಲ್ಲ, ಒಂದು ಸಂಸಾರ. ಮರದ ದಿಮ್ಮಿ ಕೊರೆದು ಮಾಡಿದ ಒಡಲು, ಮೇಲೆ ಮೇಕೆ ಚರ್ಮ, ಅದನ್ನು ಬಿಗಿಯಲು ಸುತ್ತ ಗೂಟಗಳು. ಒಂದು ಕೈಯಲ್ಲಿ ತೆಳು ಕೋಲು, ಇನ್ನೊಂದು ಬರಿಗೈ. ಇದೇ ಸಬಾರ್‌ನ ಗುರುತು. ಕೋಲಿನ ಪೆಟ್ಟು ಚಾಟಿ ಬೀಸಿದ ಹಾಗೆ ಚುರುಕಾಗಿ ಸಿಡಿಯುತ್ತದೆ. ಕೈಯ ಪೆಟ್ಟು ದುಂಡಗೆ, ಆಳವಾಗಿ ಬರುತ್ತದೆ. ಎರಡೂ ಒಬ್ಬನೇ ನುಡಿಸುವಾಗ ಇಬ್ಬರು ಮಾತಾಡಿದ ಹಾಗೆ ಕೇಳುತ್ತದೆ.

ಉದ್ದನೆಯ ನ್ದೇರ್ ಸಾಮಾನ್ಯವಾಗಿ ಮುಂದಾಳಿನ ಡೋಲು. ಮ್ಬೆಂಗ್-ಮ್ಬೆಂಗ್ ಮಧ್ಯದ ಗಾತ್ರದ್ದು. ಚೋಲ್ ಮತ್ತು ಲಾಂಬ್ ತಗ್ಗಿನ ದನಿಯವು. ಗುಂಪು ನುಡಿಸುವಾಗ ಕೆಲವರು ಬಿಡದೆ ಒಂದೇ ಸಣ್ಣ ನುಡಿತವನ್ನು ಹೊಡೆಯುತ್ತಾ ಹೋಗುತ್ತಾರೆ. ಆ ಜೊತೆಗಾರ ನುಡಿತಗಳಲ್ಲಿ ಒಂದರ ಹೆಸರೇ ಮ್ಬಲಾಖ್! ಇಡೀ ಸಂಗೀತದ ಪ್ರಕಾರಕ್ಕೆ ಹೆಸರು ಬಂದದ್ದು ಅಲ್ಲಿಂದ. ಮುಂದೆ ನಿಂತು ಮೆರೆಯುವ ಡೋಲಿನಿಂದ ಬಂದಿಲ್ಲ, ಹಿಂದೆ ಕೂತು ಹಿಡಿದು ನಿಲ್ಲಿಸುವ ಡೋಲಿನಿಂದ ಬಂದಿದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಲಯಗಳಿಗೂ ಹೆಸರಿದೆ. ಕಾವ್ಲಾಕ್ ಅನ್ನೋದು ಒಂದು ಊರಿನ ಹೆಸರು, ಒಂದು ಲಯದ ಹೆಸರೂ ಹೌದು. ಚೇಬು ಜೆನ್ ಅಂದರೆ ಸೆನೆಗಲ್‌ನ ಮನೆಮನೆಯ ಮೀನನ್ನ. ಅದರ ಹೆಸರಿನ ಲಯವೂ ಇದೆ. ಹುಡುಗ ಕಲಿಯುವಾಗ ಮೊದಲು ಬಾಯಲ್ಲಿ ಹೇಳಿಕೊಳ್ಳುತ್ತಾನೆ: ಗಿನ್, ಪಖ್, ರ್ವನ್. ಮೃದಂಗದ ಕೊನ್ನಕೋಲ್ ಕೇಳಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ.

ಸಬಾರ್ ಬಿಟ್ಟರೆ ತಾಮ ಇದೆ. ಕಂಕುಳಲ್ಲಿ ಇರುಕಿ, ಹಗ್ಗ ಹಿಸುಕಿ ಸ್ವರ ಏರಿಳಿಸುವ ಪುಟ್ಟ ಡೋಲು. ನಡು ಸಣ್ಣಗಿರುತ್ತದೆ. ಇನ್ನೊಂದು ಖಲಮ್, ಚರ್ಮ ಹೊದಿಸಿದ ಮರದ ತಂತಿವಾದ್ಯ. ನಾಲ್ಕೈದು ತಂತಿ, ಒಣಗಿದ, ಗಡಸು ದನಿ. ರಾಜರ ಕಾಲದ ಕಥೆ ಹೇಳುವಾಗ ಇದೇ ಜೊತೆಗಿರುತ್ತಿತ್ತು.

ಇದನ್ನು ನುಡಿಸುವವರು ಯಾರು?

ಗೆವೆಲ್ ಮನೆತನದವರು. ಫ್ರೆಂಚರು ಇಟ್ಟ ಹೆಸರು ಗ್ರಿಯೋ. ವಂಶಾವಳಿ ನೆನಪಿಡುವುದು, ಹೊಗಳಿ ಹಾಡುವುದು, ಮದುವೆ, ನಾಮಕರಣ, ಕುಸ್ತಿ ಪಂದ್ಯಗಳಲ್ಲಿ ಡೋಲು ಬಾರಿಸುವುದು ಅವರ ಹುಟ್ಟಿನ ಕಸುಬು. ಅಪ್ಪನಿಂದ ಮಗನಿಗೆ, ತಾಯಿಯಿಂದ ಮಗಳಿಗೆ ಬರುತ್ತದೆ. ಅವರಿಲ್ಲದೆ ಮನೆಯ ಶುಭಕಾರ್ಯ ನಡೆಯುವುದಿಲ್ಲ. ಆದರೂ ಸಮಾಜದ ಏಣಿಯಲ್ಲಿ ಅವರನ್ನು ಕೆಳಗೇ ಇಟ್ಟಿದ್ದರು. ಬೇರೆ ಮನೆತನದ ಹುಡುಗ ಹಾಡಲು ಹೊರಟರೆ ಮನೆಯಲ್ಲಿ ಜಗಳ. ಇದನ್ನು ಓದುವ ನಮಗೆ ಹೆಚ್ಚು ವಿವರಿಸಬೇಕಾಗಿಲ್ಲ, ಅಲ್ವಾ? ಡೋಲು ಬೇಕು, ಬಾರಿಸುವವನು ಹೊರಗೆ ನಿಲ್ಲಬೇಕು ಅನ್ನೋದು ನಮ್ಮ ಊರುಗಳಿಗೂ ಗೊತ್ತು.

ನಗರದ ತಂಡಗಳು ಈ ಗೆರೆಯನ್ನು ಸ್ವಲ್ಪ ಅಳಿಸಿದವು. ಗೆವೆಲ್ ಅಲ್ಲದವರೂ ಗಾಯಕರಾದರು. ಗೆವೆಲ್ ಡೋಲಿನವರು ವೇದಿಕೆ ಮೇಲೆ ಗಿಟಾರಿನವರ ಪಕ್ಕ ಸರಿಸಮ ನಿಂತರು.

ಸೋಲ್, ಫಂಕ್ ಡಕಾರ್‌ವರೆಗೆ ಹೇಗೆ ಬಂತು?

ಮೊದಲು ಬಂದದ್ದು ಕ್ಯೂಬಾ. 1930ರ ದಶಕದಿಂದಲೇ ಕ್ಯೂಬಾದ ಹಾಡುಗಳ ಗ್ರಾಮಫೋನ್ ತಟ್ಟೆಗಳು ಆಫ್ರಿಕಾದಲ್ಲಿ ಮಾರಾಟವಾಗುತ್ತಿದ್ದವು. ಡಕಾರ್ ಬಂದರಿನ ಊರು. ಹಡಗಿನವರು ತಟ್ಟೆ ತಂದರು. 1960ರಲ್ಲಿ ಸೆನೆಗಲ್ ಸ್ವತಂತ್ರವಾಯಿತು. ಅದೇ ವರ್ಷ ಇಬ್ರಾ ಕಾಸೆ ಅನ್ನುವವರು ತಮ್ಮ ಮಿಯಾಮಿ ಕ್ಲಬ್‌ಗಾಗಿ ಸ್ಟಾರ್ ಬ್ಯಾಂಡ್ ಕಟ್ಟಿದರು. ಮುಂದಿನ ಇಪ್ಪತ್ತು ವರ್ಷ ಡಕಾರ್‌ನ ಬಹುತೇಕ ದೊಡ್ಡ ಹೆಸರುಗಳು ಈ ತಂಡದ ಬಾಗಿಲು ದಾಟಿಯೇ ಬಂದವು.

1966ರಲ್ಲಿ ಅಧ್ಯಕ್ಷ ಸೆಂಗೋರ್ ಡಕಾರ್‌ನಲ್ಲಿ ಕಪ್ಪು ಜನರ ಕಲೆಗಳ ಮೊದಲ ವಿಶ್ವ ಉತ್ಸವ ನಡೆಸಿದರು. ಡ್ಯೂಕ್ ಎಲಿಂಗ್ಟನ್ ತಮ್ಮ ಜಾಸ್ ತಂಡದ ಜೊತೆ ಬಂದರು. ಆಮೇಲೆ ಅಮೆರಿಕದ ಸೋಲ್, ಫಂಕ್ ಗಾಯಕ ಜೇಮ್ಸ್ ಬ್ರೌನ್ ತಟ್ಟೆಗಳು, ಮೋಟೌನ್ ಅನ್ನುವ ಸೋಲ್ ಕಂಪನಿಯ ಹಾಡುಗಳು. 1974ರಲ್ಲಿ ಜಾಕ್ಸನ್ ಫೈವ್ ಸೆನೆಗಲ್‌ಗೆ ಬಂದಾಗ ವಿಮಾನ ಇಳಿಯುತ್ತಿದ್ದಂತೆ ಡೋಲು, ಕುಣಿತದ ಸ್ವಾಗತ ಸಿಕ್ಕಿತು. ಆಗಿನ್ನೂ ಹದಿನೈದು ವರ್ಷದ ಮೈಕೆಲ್ ಜಾಕ್ಸನ್‌ಗೆ ಆ ಲಯ ಕೇಳಿ ಮೈ ಜುಮ್ಮೆಂದಿತು. ದೊಡ್ಡವರಾದ ಮೇಲೂ ಅದನ್ನು ನೆನೆಯುತ್ತಿದ್ದರು.

ಗ್ಯಾಂಬಿಯಾದ ದಾರಿ ಬೇರೆ. ಅದು 1965ರವರೆಗೆ ಬ್ರಿಟಿಷರ ಕೈಯಲ್ಲಿತ್ತು. ಇಂಗ್ಲಿಷ್ ಅಲ್ಲಿನವರಿಗೆ ಶಾಲೆಯ ಭಾಷೆ. ಹಾಗಾಗಿ ಲಂಡನ್, ಅಮೆರಿಕದ ಪಾಪ್ ಮತ್ತು ಸೋಲ್ ಹಾಡುಗಳ ಮಾತು ಬಾಂಜುಲ್‌ನ ಹುಡುಗರಿಗೆ ನೇರವಾಗಿ ತಿಳಿಯುತ್ತಿತ್ತು.

ಹಾಗಾದ್ರೆ ಮೊದಲು ಬೆರೆಸಿದ್ದು ಯಾರು?

ಒಬ್ಬರ ಹೆಸರಿಗೆ ಕಟ್ಟಲು ಆಗುವುದಿಲ್ಲ. ಹತ್ತು ವರ್ಷದ ಒಳಗೆ ಎರಡು ದೇಶದಲ್ಲಿ ಹಲವರು ಹುಡುಕುತ್ತಿದ್ದರು.

ಗ್ಯಾಂಬಿಯಾದ ಸೂಪರ್ ಈಗಲ್ಸ್ ತಂಡ 1960ರ ದಶಕದ ಕೊನೆಗೆ ಸೋಲ್, ಪಾಪ್, ಕ್ಯೂಬಾ, ಕಾಂಗೋ ಎಲ್ಲವನ್ನೂ ನುಡಿಸುತ್ತಿತ್ತು. ಒಂದು ಹಂತದಲ್ಲಿ, ನಮ್ಮದು ಎಲ್ಲಿ ಹೋಯಿತು ಅನ್ನುವ ಪ್ರಶ್ನೆ ಅವರನ್ನು ಕಾಡಿತು. ಬಾಡು ಜೋಬ್ ಮುಂದಾಳ್ತನದಲ್ಲಿ ತಂಡ ಇಫಾಂಗ್ ಬೋಂಡಿ ಅಂತ ಹೆಸರು ಬದಲಿಸಿಕೊಂಡು ಊರಿನ ಲಯಗಳ ಕಡೆ ತಿರುಗಿತು. ಬಂದ ಜನಪ್ರಿಯತೆಯನ್ನು ಬಿಟ್ಟು ಹೀಗೆ ತಿರುಗುವುದಕ್ಕೆ ಧೈರ್ಯ ಬೇಕು. ಅದೇ ಬಾಂಜುಲ್‌ನ ಗೆಲೆವಾರ್ ತಂಡ ವೊಲೋಫ್ ಹಾಡಿಗೆ ಸಿಂಥಸೈಜರ್ (ವಿದ್ಯುತ್ತಿನಿಂದ ದನಿ ಹುಟ್ಟಿಸುವ ಕೀಬೋರ್ಡ್), ಫಂಕ್ ಬಾಸ್ ಹಾಕಿತು. ಕಡಿಮೆ ಜನಕ್ಕೆ ಗೊತ್ತಿರುವ ತಂಡ, ನನ್ನ ಪ್ರಕಾರ ಈ ಬೆರಕೆಯ ಅತ್ಯಂತ ಚಂದದ ಉದಾಹರಣೆಗಳಲ್ಲಿ ಒಂದು.

ಡಕಾರ್‌ನಲ್ಲಿ 1969ರಲ್ಲಿ ಹುಟ್ಟಿದ ಖಲಮ್ ತಂಡ, ವಾದ್ಯದ ಹೆಸರನ್ನೇ ಇಟ್ಟುಕೊಂಡದ್ದು, ಜಾಸ್ ಮತ್ತು ಫಂಕ್ ಕಡೆ ಹೋಯಿತು. ಡ್ರಮ್ಮರ್ ಪ್ರಾಸ್ಪರ್ ನ್ಯಾಂಗ್ ಮತ್ತು ಜೊತೆಗಾರರು ದೇಶದ ಬೇರೆ ಬೇರೆ ಭಾಗಗಳ ಲಯಗಳನ್ನು ಕಲಿತು ಅದರ ಮೇಲೆ ಹಾಡು ಕಟ್ಟಿದರು. 1970ರಲ್ಲಿ ಶುರುವಾದ ಆರ್ಕೆಸ್ಟ್ರಾ ಬಾಓಬಾಬ್‌ನಲ್ಲಿ ಲಾಯ್ ಮ್ಬೂಪ್ ಅನ್ನುವ ಗೆವೆಲ್ ಗಾಯಕ ಕ್ಯೂಬನ್ ಲಯದ ಮೇಲೆ ವೊಲೋಫ್ ಹಾಡು ಹಾಡಿದರು. ಅವರು 1974ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ದೊಡ್ಡ ನಷ್ಟ. ಆಮೇಲೆ ತಾಮ, ಸಬಾರ್ ವೇದಿಕೆ ಏರಿದವು, 1970ರ ದಶಕದ ಕೊನೆಗೆ ಸ್ಟಾರ್ ಬ್ಯಾಂಡ್ ಬಿಟ್ಟು ಬಂದ ಹುಡುಗರು ಎತ್ವಾಲ್ ದ ಡಕಾರ್ ಕಟ್ಟಿದರು. ಅವರ ನಡುವೆ ಇದ್ದವರು ಯೂಸು ಎನ್‌ದೂರ್.

ಎರಡು ಬೇರೆ ಸಂಗೀತ ಇಷ್ಟು ಚೆನ್ನಾಗಿ ಹೊಂದಿಕೊಂಡಿದ್ದು ಹೇಗೆ?

ನನಗೆ ಇಷ್ಟವಾದ ಪ್ರಶ್ನೆ.

ಸುಲಭದ ಉತ್ತರ ಒಂದಿದೆ: ಸೋಲ್, ಫಂಕ್ ಮಾಡಿದವರ ಹಿರಿಯರು ಆಫ್ರಿಕಾದಿಂದ ಗುಲಾಮರಾಗಿ ಹೋದವರು, ಹಾಗಾಗಿ ಸಂಗೀತ ಮನೆಗೆ ಮರಳಿತು. ಇದರಲ್ಲಿ ನಿಜ ಇದೆ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಆ ಹುಡುಗರು ರಾತ್ರಿ ಹಗಲು ಕೂತು ಮಾಡಿದ ಕೆಲಸಕ್ಕೆ ಬೆಲೆ ಸಿಗುವುದಿಲ್ಲ. ಎಷ್ಟೋ ಬೆರಕೆಗಳು ಹೊಂದದೆ ಹೋಗಿವೆ. ಹೊಂದಿದ ಕಡೆ ಅವರು ಏನು ಮಾಡಿದರು ಅನ್ನೋದನ್ನು ನೋಡಬೇಕು.

ಜೇಮ್ಸ್ ಬ್ರೌನ್ 1967ರ ಸುಮಾರಿಗೆ ಮಾಡಿದ್ದೇನು? ಸ್ವರಮೇಳ ಬದಲಾಯಿಸುವುದನ್ನು ತೀರಾ ಕಡಿಮೆ ಮಾಡಿದರು. ಗಿಟಾರ್‌ಗೆ ಒಂದು ಪುಟ್ಟ ಕೆರೆತ, ಬಾಸ್‌ಗೆ ನಾಲ್ಕು ಸ್ವರ, ಹಿತ್ತಾಳೆ ವಾದ್ಯಗಳಿಗೆ ಒಂದು ಚುಟುಕು ಹೊಡೆತ. ಪ್ರತಿಯೊಂದೂ ತನ್ನ ತುಂಡನ್ನು ಮತ್ತೆ ಮತ್ತೆ ನುಡಿಸುತ್ತದೆ. ಒಂದರ ಸಂದಿಯಲ್ಲಿ ಇನ್ನೊಂದು ಕೂರುತ್ತದೆ. ಅಂದರೆ ಇಡೀ ತಂಡವನ್ನೇ ಡೋಲುಗಳ ಗುಂಪಾಗಿಸಿದರು.

ಈಗ ಸಬಾರ್ ಗುಂಪನ್ನು ನೆನೆಸಿಕೊಳ್ಳಿ. ಅಲ್ಲಿ ನಡೆಯುವುದೂ ಇದೇ. ಒಬ್ಬ ಮ್ಬಲಾಖ್ ಹೊಡೆಯುತ್ತಾನೆ, ಇನ್ನೊಬ್ಬ ಅದರ ಸಂದಿ ತುಂಬುತ್ತಾನೆ, ತಗ್ಗಿನ ಡೋಲು ನೆಲ ಹಾಕುತ್ತದೆ. ಮುಂದಾಳು ಸನ್ನೆ ಕೊಟ್ಟ ಕೂಡಲೇ ಎಲ್ಲರೂ ಒಟ್ಟಿಗೆ ಒಂದು ಉದ್ದದ ನುಡಿತ ಹೊಡೆಯುತ್ತಾರೆ. ಮೊದಲೇ ಕಟ್ಟಿಟ್ಟ ಈ ನುಡಿತಕ್ಕೆ ಬಾಕ್ಕ್ ಅನ್ನುತ್ತಾರೆ. ಜೇಮ್ಸ್ ಬ್ರೌನ್ ಕೈ ಎತ್ತಿದ ತಕ್ಷಣ ಹಾರ್ನ್‌ಗಳು (ಸ್ಯಾಕ್ಸೊಫೋನ್, ಟ್ರಂಪೆಟ್) ಒಟ್ಟಿಗೆ ಸಿಡಿಯುತ್ತಿದ್ದುದೂ ಹೀಗೇ.

ಹಾಗಾಗಿ ಡಕಾರ್‌ನವರಿಗೆ ಕೆಲಸಗಳನ್ನು ಅದಲುಬದಲು ಮಾಡಲು ಆಯಿತು. ಮ್ಬೆಂಗ್-ಮ್ಬೆಂಗ್ ಮಾಡುತ್ತಿದ್ದ ಕೆಲಸವನ್ನು ಗಿಟಾರ್‌ಗೆ ಕೊಟ್ಟರು. 1980ರ ದಶಕದಲ್ಲಿ ಸಿಂಥಸೈಜರ್ ಬಂದ ಮೇಲೆ ಕೀಬೋರ್ಡ್‌ಗೆ ಕೊಟ್ಟರು. ಮರದ ಪಟ್ಟಿ ಬಡಿದಂಥ ಮರಿಂಬಾ ದನಿಯಲ್ಲಿ ಅದು ಟಕಟಕ ಅಂತ ಓಡುತ್ತದೆ. ಯೂಸು ತಂಡದ ಹಬೀಬ್ ಫಾಯ್ ಬಾಸನ್ನು ಡೋಲಿನ ಥರ ಎಗರಿಸಿದರು. ಜಿಮಿ ಮ್ಬಾಯ್ ತಮ್ಮ ಗಿಟಾರಿನಲ್ಲಿ ಖಲಮ್ ಮತ್ತು ಕೋರಾ ಅನ್ನುವ ಹಲವು ತಂತಿಗಳ ವಾದ್ಯದ ದನಿ ಹೊರಡಿಸಿದರು. ಹಾರ್ನ್‌ಗಳು ಬಾಕ್ಕ್ ನುಡಿಸಿದವು. ಡ್ರಮ್ ಸೆಟ್ಟಿನವನು ಕೈ ಬಿಗಿಹಿಡಿದು ಸಬಾರ್‌ಗೆ ಜಾಗ ಬಿಟ್ಟ.

ನನ್ನ ಮಾತು ಇಷ್ಟೇ. ಅಮೆರಿಕದ ಹಾಡಿನ ಮೇಲೆ ಅಲಂಕಾರಕ್ಕೆ ಒಂದು ಆಫ್ರಿಕನ್ ಡೋಲು ಇಟ್ಟ ಹಾಡುಗಳು ಬೇಗ ಹಳಸಿದವು. ಬಾಸು, ಗಿಟಾರು, ಕೀಬೋರ್ಡು ಸಬಾರ್ ಮನೆಗೆ ಬಂದು ಅಲ್ಲಿನ ಕೆಲಸ ಕಲಿತ ಹಾಡುಗಳು ಇವತ್ತಿಗೂ ಹೊಸದಾಗಿವೆ.

ಹೊಂದದ ಜಾಗ ಇಲ್ಲವೇ?

ಇದೆ. ಫಂಕ್‌ನಲ್ಲಿ ಮೊದಲ ಪೆಟ್ಟು ಅಂದರೆ ಬೆಟ್ಟ. ಎಲ್ಲರೂ ಅಲ್ಲಿಗೆ ಬಂದು ಬೀಳುತ್ತಾರೆ. ಸಬಾರ್‌ನಲ್ಲಿ ಮೊದಲ ಪೆಟ್ಟನ್ನು ಹೆಚ್ಚಾಗಿ ಖಾಲಿ ಬಿಡುತ್ತಾರೆ. ಅದು ಕುಣಿಯುವವರ ಕಾಲಲ್ಲಿ ಇರುತ್ತದೆ. ಫಂಕ್ ಕಿವಿಯಲ್ಲಿ ಮ್ಬಲಾಖ್ ಕೇಳಿದರೆ ಎಡವುವುದು ಇಲ್ಲೇ. ಸೋಲ್, ಫಂಕ್ ಹೆಚ್ಚಿರುವ ತಂಡಗಳು ಬಾಸ್ ಮತ್ತು ಕಾಲಿನ ಡ್ರಮ್ಮಿನಲ್ಲಿ ಮೊದಲ ಪೆಟ್ಟು ಕೊಟ್ಟು, ಮೇಲಿನ ಡೋಲುಗಳನ್ನು ಅವುಗಳ ಪಾಡಿಗೆ ಬಿಟ್ಟವು.

ಸೋಲ್ ಗಾಯನಕ್ಕೂ ವೊಲೋಫ್ ಗಾಯನಕ್ಕೂ ಹೋಲಿಕೆ ಇದೆಯಾ?

ಬೇರು ಬೇರೆ, ಬೆಳೆದ ರೀತಿ ಹತ್ತಿರ. ಸೋಲ್ ಗಾಯಕರು ಚರ್ಚಿನಲ್ಲಿ ಗಂಟಲು ಬೆಳೆಸಿಕೊಂಡರು. ಸೆನೆಗಲ್‌ನ ಬಹುಪಾಲು ಜನ ಮುಸ್ಲಿಮರು, ಸೂಫಿ ಪಂಥಗಳಿಗೆ ಸೇರಿದವರು. ಸೂಫಿ ಗುರು ಶೇಖ್ ಅಮಾದು ಬಾಂಬಾ ಅವರ ಪದ್ಯಗಳನ್ನು ಗುಂಪಾಗಿ ಹಾಡುವುದನ್ನು ಚಿಕ್ಕಂದಿನಿಂದ ಕೇಳಿರುತ್ತಾರೆ. ಎರಡೂ ಕಡೆ ಒಂದು ಪದವನ್ನು ಎಳೆದು, ತಿರುಗಿಸಿ, ಎತ್ತರಕ್ಕೆ ಒಯ್ದು ಜನರನ್ನು ಎಬ್ಬಿಸುವ ಅಭ್ಯಾಸ ಇದೆ. ವೊಲೋಫ್ ದನಿ ಹೆಚ್ಚು ಬಿಗಿ, ಹೆಚ್ಚು ಎತ್ತರ. ಡೋಲುಗಳ ನಡುವೆ ಬಯಲಲ್ಲಿ ಕೇಳಿಸಬೇಕಲ್ಲ.

ಯೂಸು ಎನ್‌ದೂರ್ ಬಗ್ಗೆ ಇಷ್ಟು ಮಾತು ಯಾಕೆ?

ಮಾತಾಡಲೇಬೇಕು. 1959ರಲ್ಲಿ ಡಕಾರ್‌ನ ಮೆದಿನಾ ಬಡಾವಣೆಯಲ್ಲಿ ಹುಟ್ಟಿದರು. ತಾಯಿಯ ಕಡೆ ಹಾಡುವ ಮನೆತನ. ತಂದೆ ಮೆಕ್ಯಾನಿಕ್, ಮಗ ಹಾಡುವುದು ಅವರಿಗೆ ಬೇಡವಾಗಿತ್ತು. ಹದಿಹರೆಯದಲ್ಲೇ ಸ್ಟಾರ್ ಬ್ಯಾಂಡ್, ಆಮೇಲೆ ಎತ್ವಾಲ್ ದ ಡಕಾರ್, 1980ರ ದಶಕದ ಆರಂಭದಲ್ಲಿ ತಮ್ಮದೇ ಸೂಪರ್ ಎತ್ವಾಲ್. ಎತ್ವಾಲ್ ಕಾಲದ ಮೊದಲ ದೊಡ್ಡ ಹಾಡು "ಖಾಲಿಸ್", ಅಂದರೆ ದುಡ್ಡು. 1984ರ "ಇಮಿಗ್ರೇ" ಹೊರದೇಶಕ್ಕೆ ದುಡಿಯಲು ಹೋದ ಸೆನೆಗಲ್‌ನವರ ಬಗ್ಗೆ.

ನಮ್ಮ ವಿಷಯಕ್ಕೆ ಬೇಕಾದ ತಟ್ಟೆ 1986ರ "ನೆಲ್ಸನ್ ಮಂಡೇಲಾ". ಆಗ ಮಂಡೇಲಾ ಇನ್ನೂ ಜೈಲಿನಲ್ಲಿದ್ದರು. ಆ ಆಲ್ಬಂನಲ್ಲಿ "ದ ರಬ್ಬರ್‌ಬ್ಯಾಂಡ್ ಮ್ಯಾನ್" ಅನ್ನುವ ಹಾಡಿದೆ. ಅಮೆರಿಕದ ಸ್ಪಿನ್ನರ್ಸ್ ತಂಡ 1976ರಲ್ಲಿ ಹಾಡಿದ ಸೋಲ್ ಹಾಡು. ಯೂಸು ಅದನ್ನು ಎತ್ತಿಕೊಂಡು ಮ್ಬಲಾಖ್ ಮಾಡಿದರು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಮೇಲೆ ಬರೆದ ಉದ್ದದ ಉತ್ತರಕ್ಕಿಂತ ಜಾಸ್ತಿ ಆ ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಅದೇ ವರ್ಷ ಬ್ರಿಟನ್ನಿನ ಗಾಯಕ ಪೀಟರ್ ಗೇಬ್ರಿಯಲ್ ಅವರ "ಇನ್ ಯುವರ್ ಐಸ್" ಹಾಡಿನ ಕೊನೆಗೆ ಬರುವ ವೊಲೋಫ್ ದನಿ ಯೂಸು ಅವರದು. 1994ರಲ್ಲಿ ಗಾಯಕಿ ನೆನೆ ಚೆರ್ರಿ ಜೊತೆ ಹಾಡಿದ "ಸೆವೆನ್ ಸೆಕೆಂಡ್ಸ್" ಜಗತ್ತಿಡೀ ಓಡಿತು. 2005ರಲ್ಲಿ "ಈಜಿಪ್ಟ್" ಆಲ್ಬಂಗೆ ಗ್ರಾಮಿ ಬಂತು. ಅದು ಸೂಫಿ ಹಾಡುಗಳ ಆಲ್ಬಂ, ಫಂಕ್ ಹುಡುಕಬೇಡಿ. 2012ರಲ್ಲಿ ಸಂಸ್ಕೃತಿ ಸಚಿವರೂ ಆದರು.

ಯೂಸು ಬಿಟ್ಟರೆ?

ಸೂಪರ್ ಡಿಯಾಮೊನೊ. ಇದನ್ನು ಮರೆಯಬೇಡಿ. 1970ರ ದಶಕದ ಮಧ್ಯದಲ್ಲಿ ಶುರುವಾದ ತಂಡ. ಗಾಯಕ ಒಮರ್ ಪೆನ್. ಯೂಸು ಹಾಡು ಹಬ್ಬವಾದರೆ ಇವರದು ರಾತ್ರಿ ಪಾಳಿ ಮುಗಿಸಿ ಮನೆಗೆ ನಡೆಯುವವರ ಹಾಡು. ನಿಧಾನ ಗತಿ, ದಪ್ಪ ಬಾಸ್, ಬ್ಲೂಸ್ ನೆರಳು, ಜಾಸ್ ಹಾರ್ನ್. ಬಡ ಬಡಾವಣೆಗಳ ಹುಡುಗರು, ವಿದ್ಯಾರ್ಥಿಗಳು ಇವರನ್ನು ತಮ್ಮವರೆಂದುಕೊಂಡರು. ಗೆಲೆವಾರ್‌ನ ಮೂಸಾ ಎನ್‌ಗೋಮ್ ಮುಂದೆ ಈ ತಂಡ ಸೇರಿದರು. ಗಾಯಕ ಇಸ್ಮಾಯಿಲ್ ಲೋ ಕೂಡ ಇಲ್ಲಿದ್ದವರೇ.

ಥಿಯೆಸ್ ಪಟ್ಟಣದ ಜೆಫ್ ಜೆಲ್ ತಂಡವನ್ನೂ ಕೇಳಿ. ಕರಕರ ಅನ್ನುವ ಫಝ್ ಗಿಟಾರ್. 1980ರ ದಶಕದ ಆರಂಭದ ಧ್ವನಿಮುದ್ರಣಗಳು ಎಷ್ಟೋ ವರ್ಷದ ಮೇಲೆ ಹೊರಬಂದವು.

ಅಮೆರಿಕದ ಫಂಕ್ ಕಲಾವಿದರು ಇವರ ಜೊತೆ ನುಡಿಸಿದ್ದಾರಾ?

ನುಡಿಸಿದ್ದಾರೆ. ಪೀ ವೀ ಎಲ್ಲಿಸ್ ಅನ್ನುವ ಸ್ಯಾಕ್ಸೊಫೋನ್ ವಾದಕರು ಜೇಮ್ಸ್ ಬ್ರೌನ್ ಜೊತೆ "ಕೋಲ್ಡ್ ಸ್ವೆಟ್" ಬರೆದವರು. ಫಂಕ್ ಹುಟ್ಟಿದ್ದು ಅಲ್ಲಿಂದ ಅಂತ ಹಲವರು ಹೇಳುವ ಹಾಡು ಅದು. 1999ರಲ್ಲಿ ಬಂದ ಸೆನೆಗಲ್‌ನ ಗಾಯಕ ಶೇಖ್ ಲೋ ಅವರ "ಬಾಂಬೈ ಗೇಜ್" ಆಲ್ಬಂನಲ್ಲಿ ಹಾರ್ನ್ ನುಡಿಸಿರುವವರು ಇದೇ ಎಲ್ಲಿಸ್. 1967ರ "ಕೋಲ್ಡ್ ಸ್ವೆಟ್" ಆಗಿ ಮೂವತ್ತೆರಡು ವರ್ಷದ ಮೇಲೆ ಆ ಸ್ಯಾಕ್ಸೊಫೋನ್ ತಾಮದ ಪಕ್ಕ ಬಂದು ಕೂತಿತು. ನನಗೆ ಇದು ಕೇಳಿದಾಗಲೆಲ್ಲ ಖುಷಿ ಕೊಡುವ ಸಂಗತಿ.

ಇನ್ನೊಂದು ದಿಕ್ಕಿನಿಂದ ಮೋರ್ ಥಿಯಾಮ್. ಸೆನೆಗಲ್‌ನ ಡೋಲಿನ ಗುರು. ಕುಣಿತಗಾರ್ತಿ ಕ್ಯಾಥರಿನ್ ಡನ್‌ಹಮ್ ಅವರ ಮೂಲಕ ಅಮೆರಿಕಕ್ಕೆ ಹೋದರು. 1973ರಲ್ಲಿ ಅಲ್ಲಿನ ಜಾಸ್ ಕಲಾವಿದರ ಜೊತೆ "ದೀನಿ ಸಫರ್ರಾರ್" ಅನ್ನುವ ಆಲ್ಬಂ ಮಾಡಿದರು. ಡೋಲು, ಹಾರ್ನ್, ಫಂಕ್ ಬಾಸ್ ಎಲ್ಲ ಕುದಿಯುವ ಆಲ್ಬಂ. ಇವರ ಮಗನನ್ನು ನೀವು ಖಂಡಿತ ಕೇಳಿದ್ದೀರಿ: ಏಕಾನ್. 2011ರಲ್ಲಿ "ರಾ ವನ್" ಸಿನಿಮಾಗೆ "ಛಮ್ಮಕ್ ಛಲ್ಲೋ" ಹಾಡಿದವರು.

ಬೇರೆ ಏನಾದರೂ ಭಾರತದ ನಂಟು ಇದೆಯಾ?

ಇದೆ. ಹಿಂದಿ ಸಿನಿಮಾಗಳು ಸೆನೆಗಲ್‌ನಲ್ಲಿ ದಶಕಗಳ ಕಾಲ ಓಡಿವೆ. ಸೀರೆ ಉಟ್ಟು ಹಿಂದಿ ಹಾಡಿಗೆ ಕುಣಿಯುವ ಅಭಿಮಾನಿ ಸಂಘಗಳು ಡಕಾರ್‌ನಲ್ಲಿವೆ. ಇನ್ನು 1988ರ ಸೆಪ್ಟೆಂಬರ್ 30ರಂದು ಮಾನವ ಹಕ್ಕುಗಳಿಗಾಗಿ ಆಮ್ನೆಸ್ಟಿ ಸಂಸ್ಥೆ ನಡೆಸಿದ ಸಂಗೀತ ಪ್ರವಾಸ ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣಕ್ಕೆ ಬಂತು. ಸ್ಟಿಂಗ್, ಬ್ರೂಸ್ ಸ್ಪ್ರಿಂಗ್‌ಸ್ಟೀನ್, ಟ್ರೇಸಿ ಚಾಪ್‌ಮನ್, ಪೀಟರ್ ಗೇಬ್ರಿಯಲ್ ಜೊತೆ ಯೂಸು ಎನ್‌ದೂರ್ ಕೂಡ ಇದ್ದರು.

ನಮ್ಮ ಉತ್ತರ ಕನ್ನಡದ ಸಿದ್ದಿಗಳ ಸಂಗೀತಕ್ಕೂ ಇದಕ್ಕೂ ಸಂಬಂಧ ಇದೆಯಾ?

ಇಲ್ಲ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿಗಳ ಹಿರಿಯರು ಹೆಚ್ಚಾಗಿ ಆಫ್ರಿಕಾದ ಪೂರ್ವ ತೀರದ ಕಡೆಯಿಂದ ಬಂದವರು. ಸೆನೆಗಲ್ ಇರುವುದು ಪಶ್ಚಿಮದ ತುದಿಯಲ್ಲಿ. ನಡುವೆ ಒಂದು ಖಂಡವೇ ಇದೆ. ಸಿದ್ದಿಗಳ ಡಮಾಮಿ ಡೋಲನ್ನು ಅದರದೇ ಕಾರಣಕ್ಕೆ ಕೇಳಬೇಕು. ಆಫ್ರಿಕಾ ಅಂದ ಕೂಡಲೇ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕುವುದು ಇಬ್ಬರಿಗೂ ಅನ್ಯಾಯ.

ಆಫ್ರೋಬೀಟ್ ಅಂದ್ರೂ ಇದೇನಾ?

ಅಲ್ಲ. ಅದು ನೈಜೀರಿಯಾದ್ದು, ಫೆಲಾ ಕೂಟಿ ಅವರದು. ಜೇಮ್ಸ್ ಬ್ರೌನ್ ನೆರಳು ಎರಡರ ಮೇಲೂ ಇದೆ. ಆದರೆ ಡೋಲು ಬೇರೆ, ಭಾಷೆ ಬೇರೆ, ನಡಿಗೆ ಬೇರೆ.

"ಬ್ಲ್ಯಾಕ್ ಪ್ಯಾಂಥರ್" ಸಿನಿಮಾದಲ್ಲಿ ಇದೇ ಡೋಲು ಇದೆಯಂತೆ?

ತಾಮ ಇದೆ. 2018ರ ಆ ಸಿನಿಮಾದಲ್ಲಿ ನಾಯಕನ ಹೆಸರನ್ನೇ ಕೂಗುವ ಹಾಗೆ ಕೇಳುವ ಡೋಲು ಸೆನೆಗಲ್‌ನ ಮಸಾಂಬಾ ಜೋಪ್ ನುಡಿಸಿದ ತಾಮ. ಹಾಡಿರುವವರು ಬಾಬಾ ಮಾಲ್. ಅವರೂ ಸೆನೆಗಲ್‌ನವರು, ಆದರೆ ಮುಖ್ಯವಾಗಿ ಪುಲಾರ್ ಭಾಷೆಯಲ್ಲಿ ಹಾಡುತ್ತಾರೆ.

ಹೆಣ್ಣುಮಕ್ಕಳ ಪಾಲೇನು?

ಸಬಾರ್ ಕೂಟ ಅಂದರೆ ಮೊದಲಿಂದಲೂ ಹೆಣ್ಣುಮಕ್ಕಳ ಕೂಟ. ಕೂಟ ಕರೆಯುವವರು ಅವರು, ಅಂಗಳದ ನಡುವೆ ಕುಣಿಯುವವರು ಅವರು. ತಾಸು ಅನ್ನುವ ಲಯಬದ್ಧ ಮಾತಿನ ಹಾಡು ಅವರದೇ. ರ‍್ಯಾಪ್ ನಮ್ಮಲ್ಲಿ ಮೊದಲೇ ಇತ್ತು ಅಂತ ಸೆನೆಗಲ್‌ನವರು ಹೇಳುವುದು ಇದನ್ನು ನೆನೆದು. ಡೋಲು ಮಾತ್ರ ಗಂಡಸರ ಕೈಯಲ್ಲಿತ್ತು. ಮಹಾಗುರು ದೂದು ನ್ಜಾಯ್ ರೋಸ್ ತಮ್ಮ ಹೆಣ್ಣುಮಕ್ಕಳು, ಸೊಸೆಯರನ್ನು ಸೇರಿಸಿ ರೊಸೆಟ್ ಅನ್ನುವ ತಂಡ ಕಟ್ಟಿ ಅದನ್ನು ಮುರಿದರು. 2015ರಲ್ಲಿ ತೀರಿಕೊಳ್ಳುವವರೆಗೂ ನುಡಿಸಿದರು. ಗಾಯಕಿಯರಲ್ಲಿ ಕಿನೆ ಲಾಮ್, ಕುಂಬಾ ಗಾವ್ಲೊ ಅವರನ್ನು ಕೇಳಿ. ಸೇಂಟ್ ಲೂಯಿಯ ಅಮಿನಾತಾ ಫಾಲ್ ಜಾಸ್, ಬ್ಲೂಸ್ ಕಡೆಗಿದ್ದವರು. ಅಗಲವಾದ, ಬೆಚ್ಚನೆಯ ದನಿ.

ಕೇಳಿದ್ರೆ ಗಲಾಟೆ ಅನ್ಸುತ್ತೆ. ತಾಳ ಎಲ್ಲಿ ಹಿಡಿಯಲಿ?

ನನಗೂ ಮೊದಮೊದಲು ಹಾಗೇ ಆಯಿತು. ಎಣಿಸುತ್ತಾ ಕೂತು ಎರಡೇ ನಿಮಿಷಕ್ಕೆ ತಪ್ಪುತ್ತಿದ್ದೆ. ತಿಶ್ರ (ಮೂರರ ಎಣಿಕೆ) ಮತ್ತು ಚತುರಶ್ರ (ನಾಲ್ಕರ ಎಣಿಕೆ) ಎರಡೂ ಒಟ್ಟಿಗೆ ಓಡುತ್ತಿರುತ್ತವೆ, ಅದೇ ಕಾರಣ.

ಹೀಗೆ ಮಾಡಿ. ಮೊದಲು ಬಾಸ್ ಒಂದನ್ನೇ ಹಿಡಿದುಕೊಂಡು ಕಾಲಲ್ಲಿ ನಾಲ್ಕು ತಟ್ಟಿ. ಅದು ಗಟ್ಟಿಯಾದ ಮೇಲೆ ಪ್ರತಿ ತಟ್ಟಿನ ಒಳಗೆ ಮನಸ್ಸಿನಲ್ಲೇ "ತಕಿಟ" ಹೇಳಿಕೊಳ್ಳಿ. ಈಗ ಸಬಾರ್ ಕಡೆ ಕಿವಿ ಕೊಡಿ. ಮೊಬೈಲ್ ಸ್ಪೀಕರ್‌ನಲ್ಲಿ ಬಾಸ್ ಕೇಳುವುದೇ ಇಲ್ಲ, ಬರೀ ಕೋಲಿನ ಪೆಟ್ಟು ಕೇಳುತ್ತದೆ. ಗಲಾಟೆ ಅನ್ನಿಸುವುದು ಅರ್ಧ ಅದಕ್ಕೇ. ಹೆಡ್‌ಫೋನ್ ಹಾಕಿ.

ಎಲ್ಲಿಂದ ಶುರು ಮಾಡಲಿ?

ಸೋಲ್ ಇಷ್ಟವಿದ್ದರೆ ಸೂಪರ್ ಡಿಯಾಮೊನೊ. ಫಂಕ್ ಬೇಕಿದ್ದರೆ ಗೆಲೆವಾರ್ ಮತ್ತು ಖಲಮ್. ಮೆಲ್ಲಗೆ ಒಳಗೆ ಹೋಗಬೇಕಿದ್ದರೆ ಬಾಓಬಾಬ್‌ನವರು 1982ರಲ್ಲಿ ಮುದ್ರಿಸಿದ "ಪೈರೇಟ್ಸ್ ಚಾಯ್ಸ್", ಮಳೆ ಸಂಜೆಗೆ ತುಂಬ ಚೆನ್ನಾಗಿರುತ್ತದೆ. ಅದಾದ ಮೇಲೆ "ಇಮಿಗ್ರೇ". ಕಿವಿ ಪಳಗಿದ ಮೇಲೆ ಬರೀ ಸಬಾರ್, ದೂದು ನ್ಜಾಯ್ ರೋಸ್ ಅವರದು. ಆಗ ಹಿಂದಿನ ಹಾಡುಗಳಿಗೆ ಮತ್ತೆ ಮರಳಿ, ಗಿಟಾರ್ ಯಾವ ಡೋಲಿನ ಕೆಲಸ ಮಾಡುತ್ತಿದೆ ಅಂತ ಹುಡುಕಿ.

ನಮ್ಮದೊಂದು ಪುಟ್ಟ ಬ್ಯಾಂಡ್ ಇದೆ. ನಾವೂ ಪ್ರಯತ್ನಿಸಬಹುದಾ?

ಖಂಡಿತ. ಕಂಪ್ಯೂಟರಿನಲ್ಲಿ ಸಬಾರ್ ಲೂಪ್ ಎಳೆದು ಹಾಕಿ ಅದರ ಮೇಲೆ ಹಾಡಬೇಡಿ. ಅದಕ್ಕಿಂತ ಡೋಲು ಇಲ್ಲದೆಯೇ ಶುರು ಮಾಡಿ. ಒಂದು ಲಯವನ್ನು ಎಲ್ಲರೂ ಬಾಯಲ್ಲಿ ಕಲಿಯಿರಿ. ಕಲಿಸುವ ಸಬಾರ್ ಗುರುಗಳು ಆನ್‌ಲೈನ್‌ನಲ್ಲಿ ಸಿಗುತ್ತಾರೆ. ದುಡ್ಡು ಕೊಟ್ಟು ಕಲಿಯಿರಿ, ಅದು ಅವರ ಮನೆತನದ ಕಸುಬು. ಯಾರಿಂದ ಕಲಿತಿರೋ ಅವರ ಹೆಸರನ್ನು ಹಾಡಿನ ಜೊತೆ ಬರೆಯಿರಿ.

ಆಮೇಲೆ ತುಂಡುಗಳನ್ನು ಹಂಚಿಕೊಳ್ಳಿ. ಗಿಟಾರಿಗೆ ಒಂದು, ಕೀಬೋರ್ಡಿಗೆ ಒಂದು, ಬಾಸಿಗೆ ತಗ್ಗಿನ ಡೋಲಿನದು. ಡ್ರಮ್ಮರ್ ಮೊದಲ ವಾರ ಹೈ-ಹ್ಯಾಟ್ ಮತ್ತು ಕಾಲಿನ ಡ್ರಮ್ ಬಿಟ್ಟು ಬೇರೇನೂ ಮುಟ್ಟದಿರಲಿ. ಅವರಿಗೆ ಕಷ್ಟವಾಗುತ್ತದೆ, ಸಮಾಧಾನ ಹೇಳಿ. ಹತ್ತು ನಿಮಿಷ ಒಂದೇ ತುಂಡನ್ನು ಯಾರೂ ಬದಲಿಸದೆ ನುಡಿಸಲು ಆದ ದಿನ ಹಾಡುವವರನ್ನು ಕರೆಯಿರಿ.